ಬಂದೂಕು ಹಿಡಿಯದ ಮುತ್ಯಾ

ನಮ್ಮಪ್ಪನ ತಮ್ಮ, ಕಾಕಾ, ಮೊಬೈಲಿಗೆ ಕಳಿಸಿದ ಕಲ್ಲಿನ ಫೋಟೋ ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು. ಕರಿಕಲ್ಲು, ಬಂಗಾರದ ಬಣ್ಣದ ಅಕ್ಷರ. ಮೇಲೆ ನಮ್ಮ ಮುತ್ಯಾನ, ಅಂದರೆ ನಮ್ಮಪ್ಪನ ಅಪ್ಪನ, ಹೆಸರು. ಕೆಳಗೆ, ‘ಗಡಿಯಲ್ಲಿ ಬಂದೂಕು ಹಿಡಿದು ಶತ್ರುಗಳ ಎದೆ ಸೀಳಿದ ಆಳಂದದ ಹುಲಿ’. ಮುತ್ಯಾ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಅವನು ಓದಿದ ಶಾಲೆಯ ಗೇಟಿನ ಪಕ್ಕ ಈ ಕಲ್ಲು ನಿಲ್ಲಿಸಬೇಕೆಂದು ಊರಿನ ಹಿರಿಯರು ತೀರ್ಮಾನಿಸಿದ್ದರು. ಕಾರ್ಯಕ್ರಮಕ್ಕೆ ನಾಲ್ಕೇ ದಿನ ಉಳಿದಿತ್ತು.

ಮುತ್ಯಾ ಸೈನ್ಯದಲ್ಲಿ ಅಡುಗೆಯವನಾಗಿದ್ದ. ಅವನು ಸೀಳಿದ್ದು ಏನಾದರೂ ಇದ್ದರೆ ಕುಂಬಳಕಾಯಿ.

ಇಷ್ಟು ಹೇಳಲು ನಮ್ಮ ಮನೆಯವರಿಗೆ ಏನು ತ್ರಾಸು ಎಂದು ನೀವು ಕೇಳಬಹುದು. ತ್ರಾಸು ಕುಂಬಳಕಾಯಿಯದಲ್ಲ, ಮಟನ್ನಿನದು. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ. ಸ್ನಾನ, ವಿಭೂತಿ, ಪೂಜೆ ಆಗದೆ ಒಲೆ ಹೊತ್ತಿಸುವುದಿಲ್ಲ. ಜವಾನರ ಅಡುಗೆಮನೆಯಲ್ಲಿ ಇದೆಲ್ಲ ನಡೆಯುತ್ತದೆಯೇ? ಮುತ್ಯಾ ದೊಡ್ಡ ದೊಡ್ಡ ಪಾತ್ರೆಗಳಲ್ಲಿ ಮಾಂಸ ಬೇಯಿಸಿದ. ತಾನು ಮಾತ್ರ ಒಂದು ತುಣುಕೂ ಬಾಯಿಗಿಡಲಿಲ್ಲ. ಉಪ್ಪು ಸರಿಯಾಗಿದೆಯೋ ಇಲ್ಲವೋ ನೋಡಲು ಯಾರನ್ನಾದರೂ ಕೂಗಿ ಕರೆಯುತ್ತಿದ್ದನಂತೆ.

ಮೊದಲ ರಜೆಗೆ ಬಂದಾಗ ಇದನ್ನು ಆಯಿಗೆ, ಅಂದರೆ ನಮ್ಮ ಅಜ್ಜಿಗೆ, ಹೇಳಿದ. ಆಯಿ ಅವತ್ತೇ ಅವನ ಬಾಯಿಗೆ ಬೀಗ ಹಾಕಿದಳು. “ಯಾರ ಕೇಳಿದ್ರೂ ಬಂದೂಕ ಹಿಡೀತೇನಿ ಅನ್ರಿ. ಇದೊಂದು ಸುದ್ದಿ ಹೊರಗ ಬಿಡಬ್ಯಾಡ್ರಿ” ಎಂದಳಂತೆ. ಮುತ್ಯಾ ಹಾಗೆ ಸುಳ್ಳು ಹೇಳಲಿಲ್ಲ, ಖರೇನೂ ಹೇಳಲಿಲ್ಲ. ಯಾರಾದರೂ ಕೇಳಿದರೆ ನಕ್ಕು ಎಲೆ ಅಡಿಕೆ ಮುಂದೆ ಸರಿಸುತ್ತಿದ್ದ. ಮನುಷ್ಯರನ್ನು ಕೊಂದೆ ಅಂದರೆ ಊರು ಹಾರ ಹಾಕುತ್ತದೆ, ಕುರಿ ಬೇಯಿಸಿದೆ ಅಂದರೆ ಅದೇ ಊರು ನಮ್ಮ ಮನೆಯಲ್ಲಿ ನೀರೂ ಕುಡಿಯುವುದಿಲ್ಲ. ಇದು ಯಾವ ಸೀಮೆಯ ನ್ಯಾಯವೋ ನನಗೆ ಇವತ್ತಿಗೂ ತಿಳಿದಿಲ್ಲ.

ನಿವೃತ್ತನಾಗಿ ಬಂದ ಮೇಲೂ ಅವನ ಕೈ ಸುಮ್ಮನಿರಲಿಲ್ಲ. ಆಯಿ ಜಿಡಗಾದ ಮಠಕ್ಕೆ ಹೋದ ದಿನ ಅಡುಗೆಮನೆ ಅವನದು. ಗೋಧಿಹಿಟ್ಟು ನಾದಿ, ದಪ್ಪ ದಪ್ಪ ಚಪಾತಿ ಮಾಡಿ ಬುಟ್ಟಿ ತುಂಬಿಸುತ್ತಿದ್ದ. ಮನೆಯಲ್ಲಿ ನಾವು ಐದು ಜನ. ಚಪಾತಿ ಓಣಿಗೆಲ್ಲ ಸಾಕಾಗುವಷ್ಟು. ಆಯಿ ಬಂದವಳೇ ಹಿಟ್ಟಿನ ಡಬ್ಬಿ ನೋಡಿ ಹಣೆ ಬಡಿದುಕೊಳ್ಳುತ್ತಿದ್ದಳು. ಒಮ್ಮೆ ನಾನೇ ಕೇಳಿದೆ, ಯಾಕಿಷ್ಟು ಮಾಡ್ತಿ ಮುತ್ಯಾ ಎಂದು.

“ಎಷ್ಟ ಮಂದಿ ಹೊರಗ ಹೋಗ್ಯಾರೋ ಅಷ್ಟೂ ಮಂದಿಗಿ ಮಾಡಬೇಕವ್ವ” ಎಂದ. “ಕಡಿಮಿ ಮಾಡಿದ್ರ, ಅವ್ರು ತಿರಗಿ ಬರಂಗಿಲ್ಲ ಅಂತ ನಾನ ಮೊದಲ ಅಂದಂಗ ಆಗ್ತದ.”

“ಮತ್ತ ಬರಲಿಲ್ಲಂದ್ರ?”

“ಉಳೀತಿದ್ದವು.”

ಅಷ್ಟೇ ಹೇಳಿ ತವೆಯ ಮೇಲಿನ ಚಪಾತಿ ತಿರುವಿ ಹಾಕಿದ. ಯುದ್ಧದ ಬಗ್ಗೆ ಮುತ್ಯಾ ನನಗೆ ಹೇಳಿದ್ದು ಇದೊಂದೇ ಮಾತು. ಕಲ್ಲಿನ ಮೇಲೆ ಏನಾದರೂ ಬರೆಯುವುದಿದ್ದರೆ ಇದನ್ನು ಬರೆಯಬೇಕಿತ್ತು. ಹುಲಿಯಂತೆ ಹುಲಿ!

ನಾನು ಈಗಿರುವುದು ಜೇವರ್ಗಿಯಲ್ಲಿ, ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಮರುದಿನವೇ ರಜೆ ಹಾಕಿ ಬಸ್ಸು ಹತ್ತಿದೆ. ಕಲಬುರಗಿಯಲ್ಲಿ ಬಸ್ಸು ಬದಲಿಸಿ ಆಳಂದ ಮುಟ್ಟುವವರೆಗೂ ಕಾಕಾನಿಗೆ ಏನೇನು ಅನ್ನಬೇಕೋ ಎಲ್ಲ ಜೋಡಿಸಿಕೊಂಡಿದ್ದೆ. ಹೊಸ್ತಿಲು ದಾಟುತ್ತಲೇ ಶುರು ಮಾಡಿದೆ. ಮುತ್ಯಾ ಯಾರ ಎದೆ ಸೀಳಿದ? ಯಾರನ್ನು ಕೇಳಿ ಇದನ್ನು ಕೆತ್ತಿಸಿದಿರಿ? ಸತ್ತವರು ಎದ್ದು ಬಂದು ಕೇಳುವುದಿಲ್ಲ ಅಂತ ಏನು ಬೇಕಾದರೂ ಬರೆಸುವುದೇ?

ಕಾಕಾ ಎಲ್ಲ ಕೇಳಿಸಿಕೊಂಡ. ಆಮೇಲೆ ಒಳಗೆ ಹೋಗಿ ಮುತ್ಯಾನ ಕಬ್ಬಿಣದ ಟ್ರಂಕಿನಿಂದ ಒಂದು ಹಾಳೆ ತಂದು ನನ್ನ ಕೈಗಿಟ್ಟ. “ಕಲ್ಲಿನ ಮ್ಯಾಲಿಂದು ನಾ ಬರದಿದ್ದಲ್ಲವ್ವ. ನೀ ಬರದಿದ್ದು.”

ಗೆರೆಯ ಹಾಳೆ, ನನ್ನ ಏಳನೇ ತರಗತಿಯ ಅಕ್ಷರ. ಸ್ವಾತಂತ್ರ್ಯ ದಿನದಂದು ಅದೇ ಶಾಲೆಯಲ್ಲಿ, ಮುತ್ಯಾನನ್ನು ಮುಂದೆ ಕುರ್ಚಿಯ ಮೇಲೆ ಕೂರಿಸಿ, ಮೈಕಿನಲ್ಲಿ ನಾನು ಓದಿ, ಆಮೇಲೆ ಮರೆತೇಬಿಟ್ಟಿದ್ದ ಭಾಷಣ. ಬಂದೂಕು, ಎದೆ, ಹುಲಿ ಎಲ್ಲ ಅದರಲ್ಲಿತ್ತು. ಚಪಾತಿಯ ಮಾತು ಕೇಳಿದ ಮೇಲೆ, ಎಲ್ಲ ಗೊತ್ತಿದ್ದೂ ಬರೆದದ್ದು. ಅಡುಗೆಯವನ ಮೊಮ್ಮಗಳಿಗೆ ಯಾರು ಬಹುಮಾನ ಕೊಡುತ್ತಾರೆ? ನನಗೆ ಸ್ಟೀಲಿನ ತಂಬಿಗೆ ಬಂದಿತ್ತು. ಮುತ್ಯಾ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದ.

ನನಗೆ ಅವನ ಮೇಲೂ ಸಿಟ್ಟು ಬಂತು. ಈ ಹಾಳೆಯನ್ನು ಇಷ್ಟು ವರ್ಷ ಯಾಕೆ ಕಾಪಾಡಿದ? ಮನೆಗೆ ಬಂದು ಕಪಾಳಕ್ಕೊಂದು ಬಿಗಿದು ಹರಿದು ಒಲೆಗೆ ಹಾಕಬಾರದಿತ್ತೇ?

“ಕಲ್ಲು ತಿದ್ದಾಕ ಈಗ ವ್ಯಾಳ್ಯಾ ಇಲ್ಲ” ಎಂದ ಕಾಕಾ. “ಮೈಕ ಕೊಡಸ್ತೇನಿ. ಖರೇ ಏನದ ನೀನ ಹೇಳು. ಆದ್ರ ನಿಮ್ಮ ಆಯಿ ಮುಂದಿನ ಸಾಲಿನ್ಯಾಗ ಕುಂದ್ರತಾಳ, ಮರೀಬ್ಯಾಡ.”

ಕಾರ್ಯಕ್ರಮದ ದಿನ ಪೆಂಡಾಲ್ ತುಂಬಿತ್ತು. ನಮ್ಮ ಬೀಗರು, ಓಣಿಯವರು, ಸರಸಂಬಾದಿಂದ ಬಂದ ನೆಂಟರು ಎಲ್ಲ ಇದ್ದರು. ಮೈಕು ಹಿಡಿದೆ. ‘ನಮ್ಮ ಮುತ್ಯಾ’ ಎಂದು ಶುರು ಮಾಡಿ ತಲೆಯೆತ್ತಿದರೆ ಎದುರಿಗೇ ಆಯಿ. ಬಿಳಿ ಸೆರಗು ತಲೆ ತುಂಬ ಹೊದ್ದು, ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡುತ್ತಿದ್ದಳು. ಜೀವಮಾನವಿಡೀ ಮುಚ್ಚಿಟ್ಟುಕೊಂಡು ಬಂದ ಮುದುಕಿಯನ್ನು ಇಷ್ಟು ಜನರ ನಡುವೆ ಬಯಲಿಗೆ ಹೇಗೆ ನಿಲ್ಲಿಸಲಿ? ಕೈಯಲ್ಲಿ ಮಡಿಚಿಟ್ಟುಕೊಂಡಿದ್ದ ಆ ಹಳೆಯ ಹಾಳೆ ಬಿಡಿಸಿದೆ. ಬಂದೂಕಿನಿಂದ ಹುಲಿಯವರೆಗೆ ಒಂದಕ್ಷರ ಬಿಡದೆ ಓದಿದೆ. ಚಪ್ಪಾಳೆಯೋ ಚಪ್ಪಾಳೆ.

ಮಧ್ಯಾಹ್ನ ಆಯಿಯ ಕೈ ಹಿಡಿದು ಮನೆಗೆ ಕರೆತರುತ್ತಿದ್ದೆ. ಅವಳು ನಡುದಾರಿಯಲ್ಲಿ ನಿಂತಳು.

“ಚೆಂದ ಓದಿದಿ ಬೇ. ಆದ್ರ ಅಡಿಗಿ ಮಾಡತಿದ್ರು ಅಂತ ಒಂದ ಮಾತ ಅಂತಿ ಅನಕೊಂಡಿದ್ದೆ ನಾ.”

“ನೀನ ಬ್ಯಾಡ ಅಂದಿದ್ದಿಯಲ್ಲ ಆಯಿ!”

“ಆವಾಗ ಅತ್ತಿ ಮಾವ ಇದ್ರು, ಅಂಜಿಕಿ ಇತ್ತು. ಈಗ ನಾ ಯಾರಿಗಿ ಅಂಜಲಿ?” ಸೆರಗಿನಿಂದ ಮೂಗು ಒರೆಸಿಕೊಂಡಳು. “ಅಷ್ಟ ಮಂದಿಗಿ ಉಣ್ಣಾಕ ಹಾಕಿದ್ರವ್ವ ಅವ್ರು. ನನಗ ಮೈಕಿನ್ಯಾಗ ಮಾತಾಡಾಕ ಬರಂಗಿಲ್ಲ, ನೀ ಕಲ್ತಾಕಿ ಅಂತ ನೋಡಾಕತ್ತಿದ್ದೆ.”

ಎರಡು ಸಲ ನನ್ನ ಕೈಗೆ ಮೈಕು ಬಂದಿತ್ತು. ಎರಡು ಸಲವೂ ನಾನು ಓದಿದ್ದು ಅದೇ ಹಾಳೆ.