ಅಣ್ಣನ ಕಾರಿಗೆ ಫುಲ್ ಟ್ಯಾಂಕ್

ಐರ್ಲೆಂಡಿನ ಸಣ್ಣ ಊರೊಂದರಲ್ಲಿ ನಾನು ಕಾರಿಗೆ ಪೆಟ್ರೋಲ್ ಹಾಕುವುದನ್ನು ಕಲಿತೆ. ಅಲ್ಲಿನ ಬಂಕಿನಲ್ಲಿ ಯಾರೂ ನಿಂತಿರುವುದಿಲ್ಲ. ನಾವೇ ಇಳಿದು, ಹಸಿರು ಹಿಡಿಕೆ ಪೆಟ್ರೋಲಿನದು, ಕರಿಯದು ಡೀಸೆಲಿನದು ಎಂದು ಎರಡೆರಡು ಸಲ ನೋಡಿಕೊಂಡು, ಚಳಿಗೆ ಕೊರೆಯುವ ಆ ಹಿಡಿಕೆಯನ್ನು ಒತ್ತಿ ನಿಲ್ಲಬೇಕು. ಮೊದಲು ತುಂಬಿಸಿಕೊಂಡು, ಆಮೇಲೆ ಅಂಗಡಿಯೊಳಗೆ ಹೋಗಿ ಪಂಪಿನ ಸಂಖ್ಯೆ ಹೇಳಿ ದುಡ್ಡು ಕೊಡುವುದು. ಈ ನಂಬಿಕೆ ನನಗೆ ಬಹಳ ಹಿಡಿಸಿತ್ತು. ಅದು ನಂಬಿಕೆಯೋ, ಮೇಲೆ ಕೂತ ಕ್ಯಾಮೆರಾವೋ ಎಂದು ಆಗ ಯೋಚಿಸಲಿಲ್ಲ.

ಒಮ್ಮೆ ಜೊತೆಯಲ್ಲಿ ಕೆಲಸ ಮಾಡುವವಳ ಕಾರು ಒಯ್ದು, ಪೆಟ್ರೋಲ್ ಹಾಕದೆ ಹಾಗೆಯೇ ಮರಳಿಸಿದ್ದೆ. ನನ್ನ ಕೋಣೆಯ ಸಂಗಾತಿ ಮೆಲ್ಲಗೆ ತಿಳಿಸಿದಳು: ಯಾರದೇ ಕಾರು ಒಯ್ದರೂ ಟ್ಯಾಂಕ್ ತುಂಬಿಸಿ ಕೊಡುವುದು ಇಲ್ಲಿಯ ಮರ್ಯಾದೆ. ನಾಚಿಕೆಯಾಯಿತು. ಅಂದಿನಿಂದ ತಪ್ಪಿಸಲಿಲ್ಲ. ಈ ಸಲ ರಜೆಗೆಂದು ರಾಯಚೂರಿನ ಅಣ್ಣನ ಮನೆಗೆ ಬಂದಾಗಲೂ ತಪ್ಪಿಸಲಿಲ್ಲ.

ಮಾನ್ವಿಯಲ್ಲಿ ಕಾಲೇಜಿನ ಗೆಳತಿ, ದೇವದುರ್ಗದಲ್ಲಿ ಚಿಕ್ಕಮ್ಮ ಇದ್ದಾರೆ. ಒಂದೇ ದಿನದಲ್ಲಿ ಇಬ್ಬರನ್ನೂ ಕಂಡು ಬರುತ್ತೇನೆ ಎಂದಾಗ ಅಣ್ಣ ತಾನೇ ಕಾರಿನ ಕೀಲಿ ತಂದುಕೊಟ್ಟ.

"ತಗೋ ಯವ್ವಾ. ಕಲ್ಲೂರು ದಾಟೋತನಕ ಎಮ್ಮಿಗೋಳು ಜಾಸ್ತಿ. ಅವು ಹಾರ್ನಿಗಿ ಸರಿಯಂಗಿಲ್ಲ, ನೀನೇ ಸರದು ಹೋಗು."

ಎದುರು ಮನೆಯವರಿಗೆ ಕೇಳುವಷ್ಟು ಜೋರಾಗಿ ಹೇಳಿದ. ತಂಗಿ ಕಾರು ಓಡಿಸುತ್ತಾಳೆ ಎಂಬ ಹೆಮ್ಮೆ ಅವನಿಗಿತ್ತು ಎಂದು ನನ್ನ ನೆನಪು. ಆಮೇಲೆ ನಡೆದದ್ದರ ನೋವಿಗೆ ಆ ಹೆಮ್ಮೆಯನ್ನು ನಾನೇ ದೊಡ್ಡದು ಮಾಡಿಕೊಂಡಿರಲೂಬಹುದು.

ಸಂಜೆ ಮರಳುವಾಗ ರಾಯಚೂರಿನ ಹೊರಗಿನ ಬಂಕಿನಲ್ಲಿ ನಿಲ್ಲಿಸಿದೆ. ರೂಢಿಯಂತೆ ಇಳಿದು ಪೈಪಿಗೆ ಕೈಹಾಕಿದೆ. ಪಂಪಿನವನು ಗಾಬರಿಯಾದ.

"ಯಕ್ಕಾ, ಬಿಡ್ರಿ ಅದನ್ನ! ನೀವು ಎಣ್ಣಿ ಹಾಕಿದ್ರ ನಾ ಗಾಡಿ ಹೊಡೀಲೇನು?"

ಹಿಂದೆ ಬೈಕಿನ ಮೇಲಿದ್ದವರು ನಕ್ಕರು. ನಾನೂ ನಕ್ಕು ಸರಿದು ನಿಂತೆ.

"ಜೀರೋ ನೋಡ್ಕೋರಿ. ಎಷ್ಟಕ್ಕ ಹಾಕ್ಲಿ?"

"ಫುಲ್ ಮಾಡ್ರಿ."

"ಫುಲ್? ದೂರ ಹೊಂಟೀರೇನು?"

"ಇಲ್ಲ, ಮನಿಗಿ."

ಮನೆಗೆ ಹೋಗುವವರಿಗೆ ಇಷ್ಟೇಕೆ ಎಂಬಂತೆ ಅವನು ನನ್ನ ಮುಖ ನೋಡಿದ. ನಾನು ಖುಷಿಯಲ್ಲಿದ್ದೆ.

ಮರುದಿನ ಬೆಳಿಗ್ಗೆ ತನ್ನ ಅಂಗಡಿಗೆ ಹೊರಟ ಅಣ್ಣ ಕಾರು ಚಾಲೂ ಮಾಡಿದ. ಕೂಡಲೇ ಬಂದ್ ಮಾಡಿ ಒಳಗೆ ಬಂದ.

"ನಿನ್ನಿ ಎಣ್ಣಿ ಹಾಕಿಸಿದೇನು?"

"ಹೂಂ, ಫುಲ್ ಮಾಡ್ಸೀನಿ."

"ಯಾಕ?"

"ಗಾಡಿ ಒಯ್ದಿದ್ನಲ್ಲ ಅಣ್ಣ. ಅಲ್ಲಿ ಹಂಗೇ, ಯಾರ ಗಾಡಿ ಒಯ್ದ್ರೂ ತುಂಬ್ಸಿ ಕೊಡಬೇಕು."

"ಯಾರ ಗಾಡಿ ಒಯ್ದ್ರೂ," ಎಂದು ಅವನು ನಿಧಾನವಾಗಿ ಅಂದ. "ಅದರಾಗ ನಂದೂ ಬಂತು." ಆಮೇಲೆ ಅಡುಗೆಮನೆಯ ಕಡೆ ತಿರುಗಿ ಅತ್ತಿಗೆಗೆ ಕೂಗಿದ: "ಕೇಳಿದೇನು? ನಮ್ಮ ಬಾಡಿಗಿ ಚುಕ್ತಾ ಆತು!"

ಕೀಲಿಯನ್ನು ಮೊಳೆಗೆ ಸಿಕ್ಕಿಸಿ, ಹಳೆಯ ಬೈಕು ತೆಗೆದು ಹೋದ. ಮರುದಿನವೂ ಬೈಕಿನಲ್ಲೇ ಹೋದ, ಅದರ ಮರುದಿನವೂ. ತುಂಬಿದ ಟ್ಯಾಂಕಿನ ಕಾರು ಬಾಗಿಲ ಮುಂದೆ ಧೂಳು ಹಿಡಿಯಿತು. ಅತ್ತಿಗೆ ಅದನ್ನು ನಗೆಯಲ್ಲಿ ತೇಲಿಸಲು ನೋಡಿದರು: "ನಿಮ್ಮಣ್ಣಗ ಹೊಟ್ಟಿ ತುಂಬಿದ ಗಾಡಿ ಹೊಡದು ರೂಢಿ ಇಲ್ಲಬೇ." ನಿಜ, ಅವನು ಎಂದೂ ಬೇಕಾದಷ್ಟೇ ಹಾಕಿಸುವವನು. ನಾನು ನಕ್ಕೆ, ಅವನು ನಗಲಿಲ್ಲ.

ಒಂದು ಸಂಜೆ ಅವನ ಪಕ್ಕ ಕೂತು, "ತಪ್ಪಾತು ಅಣ್ಣ" ಎಂದೆ.

"ತಪ್ಪೇನದ ಅದರಾಗ? ಚಲೋ ರೂಢಿ," ಎಂದು ಅವನು ಟಿವಿಯ ಕಡೆ ನೋಡಿದ. ಬೈದಿದ್ದರೆ ನಾನೂ ಜಗಳಾಡುತ್ತಿದ್ದೆ. ಚಿಕ್ಕಂದಿನಲ್ಲಿ ನಮ್ಮ ಜಗಳ ಊಟದ ಹೊತ್ತಿಗೆ ಮುಗಿಯುತ್ತಿತ್ತು. ಈಗ ಅವನು ನನ್ನೊಡನೆ ನೆಂಟರೊಡನೆ ಮಾತಾಡಿದಂತೆ ಮಾತಾಡಿದ; ಊಟ ಆಯಿತೇ, ನಿದ್ದೆ ಬಂತೇ ಎಂದು ಕೇಳಿದ. ಎರವಲು ತಂದದ್ದನ್ನು ತೀರಿಸುವುದು ಹೊರಗಿನವರೊಂದಿಗೆ ಮರ್ಯಾದೆ. ಅಣ್ಣ ಕೊಟ್ಟದ್ದನ್ನು ಎರವಲು ಎಂದುಕೊಂಡೆನಲ್ಲ, ಅದೇ ಅವನಿಗೆ ನಾಟಿತು. ಹೀಗೆಂದು ನಾನು ತಿಳಿದಿದ್ದೇನೆ, ಅವನು ಬಾಯಿಬಿಟ್ಟು ಹೇಳಿಲ್ಲ.

ಹೊರಡುವ ದಿನ, "ಸ್ಟೇಷನ್ನಿಗೆ ಕಾರಿನಾಗ ಬಿಡ್ತೀಯೇನು?" ಎಂದು ಕೇಳಿಯೇಬಿಟ್ಟೆ. ಅವನು ಆಗಲಿ ಎಂಬಂತೆ ತಲೆಯಾಡಿಸಿದ. ಬಟ್ಟೆಯ ಚೀಲ ಹೊರಗಿಟ್ಟಾಗ ಬಾಗಿಲಿಗೆ ಆಟೋ ಬಂದು ನಿಂತಿತ್ತು. ಅಣ್ಣ ಆಗಲೇ ಅದರಲ್ಲಿ ಕೂತಿದ್ದ. ಇಬ್ಬರ ನಡುವೆ ಚೀಲ ಇತ್ತು. ದಾರಿಯುದ್ದಕ್ಕೂ ಅವನು ಆಟೋದವನೊಂದಿಗೆ ಬಿಸಿಲಿನ ಮಾತಾಡಿದ.

ಇಳಿದಾಗ ಆಟೋದವನಿಗೆ ಕೊಡಲು ಅಣ್ಣ ಜೇಬಿಗೆ ಕೈಹಾಕಿದ. ಪರ್ಸಿನ ಕಡೆ ಹೋಗದಂತೆ ನಾನು ಎರಡೂ ಕೈಗಳನ್ನು ಚೀಲದ ಹಿಡಿಕೆಯ ಮೇಲೆ ಬಿಗಿಯಾಗಿ ಇಟ್ಟುಕೊಂಡು ನಿಂತೆ. ಅವನು ಅದನ್ನು ಗಮನಿಸಿದನೋ ಇಲ್ಲವೋ ಗೊತ್ತಾಗಲಿಲ್ಲ. ರೈಲು ಅಲುಗಾಡಿದಾಗ ಕಿಟಕಿಯ ಹತ್ತಿರ ಬಂದು, "ಮುಟ್ಟಿದ ಮ್ಯಾಲ ಫೋನ್ ಮಾಡ್ರಿ," ಎಂದ.

ನನಗೆ ಅವನು ಎಂದೂ ಬಹುವಚನ ಹಚ್ಚಿದವನಲ್ಲ. ಗದ್ದಲದಲ್ಲಿ ನನಗೆ ಹಾಗೆ ಕೇಳಿಸಿರಬಹುದೇ ಎಂದು ಇವತ್ತಿಗೂ ಕೇಳಿಕೊಳ್ಳುತ್ತೇನೆ. ಮುಟ್ಟಿದ ಮೇಲೆ ಅಣ್ಣನ ಫೋನಿಗೇ ಮಾಡಿದೆ. ಅತ್ತಿಗೆ ಎತ್ತಿದರು.