ರತ್ನಾಗಿರಿಯ ಮಳಿ

೧೯೫೯ರಲ್ಲಿ ನಾನು ಸಾಲಿ ಬಿಟ್ಟೆ. ಆರನೇ ಇಯತ್ತೆ ಅರ್ಧಕ್ಕೇ ನಿಂತಿತು. ಅಪ್ಪ ತೀರಿಕೊಂಡ ಮೇಲೆ ಅವ್ವ ಕುರನೂರಿನ ಮನಿಗೆ ಕೀಲಿ ಹಾಕಿ, ನನ್ನ ಕೈ ಹಿಡಕೊಂಡು ಸೋಲಾಪುರಕ್ಕೆ ಬಂದಳು. ಆಕೆ ಮಂದಿ ಮನಿಯ ಭಾಂಡಿ ತಿಕ್ಕಿದಳು, ನಾನು ಚಾದರದ ಕಾರ್ಖಾನಿಯಲ್ಲಿ ನೂಲು ಸುತ್ತಿದೆ. ಮುಂದೆ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕಾರ್ಖಾನಿ ವಸಾಹತಿನಲ್ಲಿ ಕೆಟ್ಟ ಮಗ್ಗ ದುರಸ್ತಿ ಮಾಡುವ ಜಾಬರ್ ಆದೆ. ಯಾರ ಶಿಫಾರಸೂ ಇಲ್ಲದೆ ಆದೆ. ಅದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಚಾಳಿನ ಒಂದೇ ಖೋಲಿಯಲ್ಲಿ ಅವ್ವ, ನಾನು, ಹೆಂಡತಿ. ಮದುವೆಯಾಗಿ ಆರು ವರ್ಷವಾಗಿತ್ತು. ನಾವಿಬ್ಬರೇ ಕೂತು ಚಹಾ ಕುಡಿದದ್ದು ನೆನಪಿಲ್ಲ. ೧೯೭೪ರ ದಸರಾ ಮುಗಿದ ಮೇಲೆ ಒಂದು ದಿನ ಹೆಂಡತಿ ರೊಟ್ಟಿ ಬಡಿಯುತ್ತ, "ಸಮುದ್ರ ನೀವು ನೋಡೀರೇನ್ರಿ?" ಅಂದಳು. ನಾನೂ ನೋಡಿರಲಿಲ್ಲ.

"ಡಿಸೆಂಬರದಾಗ ಹೋಗೂಣು," ಅಂದೆ.

ನಮ್ಮ ಚಾದರಗಳನ್ನು ರತ್ನಾಗಿರಿಗೆ ಒಯ್ಯುವ ಟ್ರಕ್ ಡ್ರೈವರನನ್ನು ಹಿಡಿದೆ. ಅವ ಬೀಡಿ ಹಚ್ಚಿ ಎಲ್ಲ ಹೇಳಿದ. ಎಸ್‌ಟಿ ಬಸ್ ಹತ್ತಿ ಕೊಲ್ಹಾಪುರ, ಅಲ್ಲಿಂದ ಘಾಟ ಇಳಿದರೆ ರತ್ನಾಗಿರಿ. ಸ್ಟ್ಯಾಂಡಿನ ಬಾಜೂಕ್ಕೇ ಲಾಡ್ಜ್. ಮೀನಿನ ವಾಸನಿ ಬಾರದ ಖಾನಾವಳಿಯೂ ಒಂದದೆ.

"ಮತ್ತ ಮಳಿ?" ಅಂತ ಕೇಳಿದೆ. ಕೋಕಣ ಅಂದರೆ ನಮಗೆ ಗೊತ್ತಿದ್ದದ್ದು ಮಳಿಯೊಂದೇ.

"ಮಳಿ ಮುಗದು ಯಾವ ಕಾಲ ಆತ್ರಿ, ಜಾಬರ್ ಸಾಹೇಬ್ರ. ಥಂಡ್ಯಾಗ ಒಂದ ಹನಿ ಬೀಳೂದಿಲ್ಲ. ಹೇಂತಿ ಜೋಡಿ ಹೊಂಟೀರಿ, ಬಿಸಲಿಗೆ ಕಣ್ಣಿಗೆ ಒಂದ ಕರಿ ಚಾಳೀಸ ತೊಗೋರಿ, ಸಾಕು."

ಕಾರ್ಖಾನಿಯ ಮಾಲಕ ಶೇಟಜಿಯ ಕಡೆ ರಜೆ ಕೇಳಿಯಾಯಿತು. ಉಳಿದದ್ದು ಅವ್ವನಿಗೆ ಹೇಳುವುದು. ನಮ್ಮ ಮಂದಿ ಊರು ಬಿಡುವುದು ದೇವರಿಗೆ, ಇಲ್ಲಾ ಮದುವಿಗೆ, ಇಲ್ಲಾ ಮಣ್ಣಿಗೆ. ಸುಮ್ಮನೆ ನೋಡಲು ಹೋಗುವುದು ಸಾವಕಾರರ ಚಟ. ಹೆಂಡತಿಯ ಜೋಡಿ ತಿರುಗಾಡಲು ಹೊರಟೀನಿ ಅನ್ನಲು ನಾಲಿಗೆ ಏಳಲಿಲ್ಲ.

"ಅವ್ವಾ, ರತ್ನಾಗಿರಿ ಕಡೆ ಸಮುದ್ರದ ದಂಡಿಗೆ ಗಣಪತಿ ಅದಾನಂತ. ಹೋಗಿ ಬರ್ತೀವಿ."

ಕೆಟ್ಟದ್ದು ಅಲ್ಲೇ. ದೇವರ ಹೆಸರು ತೆಗೆದರೆ ಅವ್ವ ಹಿಂದೆ ಉಳಿಯುವವಳಲ್ಲ. ಸ್ವಾಮಿಗಳ ದರ್ಶನಕ್ಕೆ ಗುರುವಾರದ ಅಕ್ಕಲಕೋಟದ ಗಾಡಿ ತಪ್ಪಿಸಿದವಳೇ ಅಲ್ಲ. ಕೂತಲ್ಲಿಂದ ಎದ್ದು ಟ್ರಂಕಿನೊಳಗಿನ ಇಳಕಲ್ ಸೀರಿ ತೆಗೆದಳು.

"ಯಾವಾಗ ಹೊಂಡೂದು?"

ಒಲಿಯ ಮುಂದೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಹೆಂಡತಿ ಈ ಕಡೆ ತಿರುಗಲಿಲ್ಲ. ಅತ್ತಿ ಬರುವುದು ಬೇಡ ಅಂತ ಆಕೆ ಎಂದೂ ಅನ್ನುತ್ತಿರಲಿಲ್ಲ. ನನಗೆ ಅದೇ ತಡೆಯಲಾಗಲಿಲ್ಲ.

"ನೀ ಬರಬ್ಯಾಡವ್ವಾ. ಕೋಕಣದಾಗ ಹನ್ನೆರಡೂ ತಿಂಗಳ ಮಳಿ. ನಿನ್ನ ಮೊಣಕಾಲ ಹಿಡಕೋತಾವು."

"ಈ ಥಂಡ್ಯಾಗೂ?"

"ಈಗೂ. ಡ್ರೈವರ್ ಹೇಳ್ಯಾನ."

ಅಕ್ಷರ ಬಾರದ ಅವ್ವ ಹೊರಗಿನ ಸಂಗತಿಯನ್ನೆಲ್ಲ ನನ್ನ ಬಾಯಿಂದಲೇ ತಿಳಿದವಳು. ಸೀರಿ ಮಡಚಿ ಒಳಗಿಟ್ಟಳು.

ಹೊರಡುವ ದಿನ ಒಂದು ತೆಂಗಿನಕಾಯಿ ತಂದು, "ನನ್ನ ಹೆಸರಲೆ ಒಡಸು," ಅಂದಳು. ಆಮೇಲೆ ಗೂಟಕ್ಕಿದ್ದ ಅಪ್ಪನ ಕಾಲದ ಕರಿ ಛತ್ರಿಯನ್ನು ಇಳಿಸಿ, ದಾರಿಯಲ್ಲಿ ಬಿಚ್ಚಿಕೊಳ್ಳಬಾರದೆಂದು ಕೆಂಪು ನೂಲಿನಿಂದ ಬಿಗಿದು ಕಟ್ಟಿ, ಸೊಸಿಯ ಕೈಗೆ ಕೊಟ್ಟಳು. "ಅವನ ತಲಿ ಮ್ಯಾಲ ಹಿಡಿಯವ್ವಾ. ಸಣ್ಣಾಂವ ಇದ್ದಾಗಿಂದ ತೋಯ್ದರ ಕೆಮ್ಮತಾನ."

ಹಂಗೆ ನಾವು ತೆಂಗಿನ ನಾಡಿಗೆ ಸೋಲಾಪುರದ ಪೇಟೆಯಿಂದ ತೆಂಗಿನಕಾಯಿ ಹೊತ್ತುಕೊಂಡು ಹೋದೆವು. ಕಂಡಕ್ಟರ್ ನೋಡಿ ನಕ್ಕ.

ರತ್ನಾಗಿರಿಯಲ್ಲಿದ್ದ ಎರಡು ದಿನವೂ ಆಕಾಶದಲ್ಲಿ ಮೋಡ ಇರಲಿಲ್ಲ. ಹೆಂಡತಿ ನಿರಿಗೆ ಎತ್ತಿ ಹಿಡಿದು ನೀರಿಗೆ ಇಳಿದಳು, ತೆರೆ ಬಂದಾಗಲೊಮ್ಮೆ ಸಣ್ಣ ಹುಡುಗಿಯಂಗೆ ನಕ್ಕಳು. ಅದನ್ನು ನೋಡಲೆಂದೇ ಹೋದವ ನಾನು. ಕಂಕುಳಲ್ಲಿ ಛತ್ರಿ ಇರುಕಿಕೊಂಡು ದಂಡಿಯಲ್ಲಿ ನಿಂತಿದ್ದೆ. ಹತ್ತಿರದಲ್ಲಿ ಒಂದು ಚಪ್ಪಟೆ ಬಂಡೆಗಲ್ಲು ಇತ್ತು. ಆಕೆ ಮೇಲೆ ಬಂದು ಅದನ್ನು ತೋರಿಸಿ, "ಅತ್ತಿ ಬಂದಿದ್ರ ಇಲ್ಲೇ ಕೂಡ್ತಿದ್ರು, ಬಿಸಲಾಗ," ಅಂದಳು. ಸಿಟ್ಟಿಗೆ ಅಂದದ್ದಲ್ಲ. ಮರುದಿನ ಗಣಪತಿಗೆ ಹೋಗಿ ಕಾಯಿ ಒಡೆಸಿದೆವು.

ತಿರುಗಿ ಬಂದಾಗ ಅವ್ವ ಬಾಗಿಲಲ್ಲೇ ಛತ್ರಿ ಇಸಕೊಂಡಳು.

"ಮಳಿ ಹತ್ತಿತ್ತೇನು?"

"ಜೋರ ಹತ್ತಿತ್ತವ್ವಾ."

ಕೆಂಪು ನೂಲು ಆಕೆ ಹಾಕಿದ ಗಂಟಿನಲ್ಲೇ ಇತ್ತು. ಅದರ ಮೇಲೆ ಹೆಬ್ಬೆರಳು ಆಡಿಸಿದಳು. ಹೆಂಡತಿ ಚೀಲ ತೊಗೊಂಡು ಒಳಗೆ ಹೋದಳು.

"ಒಣಗಿಸಿ ತಂದ್ರಿ, ಛಲೋ ಆತು," ಅಂದು ಅವ್ವ ಛತ್ರಿಯನ್ನು ಗೂಟಕ್ಕೆ ಹಾಕಿದಳು.

ಆ ಊರಿನ ಹೆಸರನ್ನು ಆಕೆ ಮತ್ತೆ ಎತ್ತಲಿಲ್ಲ. ಮುಂದಿನ ಥಂಡಿಗೆ ಕರಕೊಂಡು ಹೋಗಬೇಕು ಅಂತ ಪ್ರತಿ ವರ್ಷ ಅಂದುಕೊಂಡೆ. ಕರಕೊಂಡು ಹೋದರೆ ಆಕೆ ಆ ಬಿಸಿಲು ನೋಡುತ್ತಾಳಲ್ಲ. ಹಂಗೇ ಉಳಿಯಿತು, ಅವ್ವ ಹೋದಳು.

ಈಗ ನನ್ನವು ನಾಲ್ಕು ಮಗ್ಗ ಅದಾವ. ಮೂರು ಖೋಲಿಯ ಮನಿ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಇಳಕಲ್ ಸೀರಿ ಒಂದು, ಛತ್ರಿ ಒಂದು.