ಸಾವಿನ ಮನೆಯಲ್ಲಿ ಅಳತೆ

ಪಕ್ಕದ ಮನೆಯ ಅಜ್ಜ ತೀರಿಕೊಂಡ ಸುದ್ದಿಯನ್ನು ನಾನು ಮೊದಲು ಹೇಳಿದ್ದು ಗಂಡನಿಗಲ್ಲ, ಮಗಳಿಗೂ ಅಲ್ಲ. ಆಮರ್ಸ್‌ಫೋರ್ಟಿನಲ್ಲಿದ್ದ ನಮ್ಮ ಕಡೆಯವನೊಬ್ಬನಿಗೆ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಮುಂದಿನದನ್ನು ಓದುವಾಗ ನನ್ನ ಕೈ ಸ್ವಚ್ಛವಾಗಿತ್ತು ಅಂತ ಯಾರೂ ತಿಳಿಯಬಾರದು.

ನೆದರ್ಲೆಂಡ್ಸಿನ ಜೂಟರ್‌ಮೀರ್‌ನಲ್ಲಿ ನಮ್ಮದು ಸಾಲುಮನೆ. ಎಡಗಡೆಯ ಗೋಡೆಯಾಚೆ ಆ ಡಚ್ ದಂಪತಿ ನಲವತ್ತು ವರ್ಷದಿಂದ ಇದ್ದರು. ಮಕ್ಕಳಿರಲಿಲ್ಲ. ಅಜ್ಜ ಟ್ರಾಮ್ ಓಡಿಸಿ ನಿವೃತ್ತರಾದವರು. ನಾವು ಬಂದ ಮೊದಲ ವಾರವೇ, ಯಾವ ಕಸದ ಡಬ್ಬಿಯನ್ನು ಯಾವ ದಿನ ಹೊರಗಿಡಬೇಕು ಅಂತ ದೊಡ್ಡ ಅಕ್ಷರದಲ್ಲಿ ಬರೆದ ಚೀಟಿ ತಂದುಕೊಟ್ಟಿದ್ದರು. ನನ್ನ ಮಗಳಿಗೆ ಸೈಕಲ್ ಪಂಕ್ಚರ್ ತೆಗೆಯಲು ಕಲಿಸಿದವರೂ ಅವರೇ. ಅವಳು ಅವರನ್ನು ಡಚ್ಚಿನಲ್ಲಿ ಅಜ್ಜ ಅನ್ನುವ ಹಾಗೆ 'ಓಪಾ' ಅನ್ನುತ್ತಿದ್ದಳು, ಊರಲ್ಲಿರುವ ತನ್ನ ಸ್ವಂತ ಅಜ್ಜನನ್ನು ಕರೆಯುವುದಕ್ಕಿಂತ ಹೆಚ್ಚು ಸಲೀಸಾಗಿ.

ಒಂದು ಮಂಗಳವಾರ ಬೆಳಿಗ್ಗೆ ಅಜ್ಜಿ ಬಂದು ಬೆಲ್ ಮಾಡಿದರು. ಕೋಟು ಹಾಕಿಕೊಂಡಿದ್ದರು, ತಲೆ ಬಾಚಿದ್ದರು. "ನನ್ನ ಗಂಡ ಬೆಳಗಿನ ಜಾವ ಹೋದರು. ಮಣ್ಣು ಮಾಡುವವರೆಗೆ ಮನೆಯಲ್ಲೇ ಇಟ್ಟುಕೊಳ್ಳುತ್ತೇನೆ. ಗುರುವಾರ ಮಧ್ಯಾಹ್ನ ನೋಡಲು ಬರಬಹುದು," ಅಂದರು. ನಾನು ಅವರ ಕೈ ಹಿಡಿದುಕೊಂಡೆ. ಅವರು ಒಂದು ಕ್ಷಣ ಬಿಟ್ಟುಕೊಟ್ಟು, ಮೆಲ್ಲಗೆ ಹಿಂದೆಗೆದುಕೊಂಡು ಮುಂದಿನ ಮನೆಗೆ ಹೇಳಲು ಹೋದರು.

ಅರ್ಧ ಗಂಟೆಯಲ್ಲಿ ಆ ಆಮರ್ಸ್‌ಫೋರ್ಟಿನವನ ಫೋನು ಬಂತು. ಅವನೂ ಬಾಗಲಕೋಟೆ ಕಡೆಯವನೇ, ನನ್ನ ಗಂಡನಿಗಿಂತ ಐದಾರು ವರ್ಷ ಚಿಕ್ಕವನು, ನನ್ನನ್ನು ಅತ್ತಿಗೆ ಅನ್ನುವ ಹಾಗೆ ವೈನಿ ಅನ್ನುತ್ತಿದ್ದ. ದೀಪಾವಳಿ ಕಾರ್ಯಕ್ರಮಕ್ಕೆ ಹಾಲ್ ಸಿಕ್ಕಿದೆ ಅಂತ ಹೇಳಲು ಮಾಡಿದ್ದ. ನಾನು ಅಜ್ಜನ ಸುದ್ದಿ ಹೇಳಿದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಎರಡು ವರ್ಷದಿಂದ ಅವನು ಮನೆ ಹುಡುಕಿ ಸೋತಿದ್ದು ಗೊತ್ತಿತ್ತು. ಬಾಯಿ ತಾನಾಗಿ ಮುಂದೆ ಓಡಿತು.

"ಪಾಪ, ಅಕಿ ಒಬ್ಬಾಕೀನ ಅಷ್ಟು ದೊಡ್ಡ ಮನ್ಯಾಗ ಇರ್ತಾಳೋ ಇಲ್ಲೋ," ಅಂದೆ.

ಅವನು ಬಹಳ ಮೃದುವಾಗಿ, "ವೈನಿ, ನಾನೂ ಬರ್ತೀನ್ರಿ ಮಾತಾಡ್ಸಾಕ. ನಿಮ್ಮ ಮನಿಗೆ ಬಂದಾಗ ಎರಡು ಸಲ ನೋಡೇನಿ ಅಜ್ಜಾರನ್ನ," ಅಂದ.

ಅವನ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಕನ್ನಡದವರ ಗುಂಪಿನಲ್ಲಿ ನಡತೆಯ ಮೇಷ್ಟ್ರು ಅವನೇ. ಪ್ರತಿವರ್ಷ ಡೆಲ್ಫ್ಟ್‌ಗೆ ಓದಲು ಬರುವ ಹೊಸಬರನ್ನು ಕೂರಿಸಿಕೊಂಡು, ಈ ದೇಶದಲ್ಲಿ ಹೇಗಿರಬೇಕು ಅಂತ ಒಂದು ಗಂಟೆ ಹೇಳುತ್ತಿದ್ದ. ರೈಲಿನಲ್ಲಿ ಸ್ಪೀಕರ್ ಹಾಕಿ ಮಾತಾಡಬೇಡಿ, ಹೇಳದೆ ಕೇಳದೆ ಯಾರ ಮನೆಗೂ ಹೋಗಬೇಡಿ, ಬಸ್ಸಿಂದ ಇಳಿಯುವಾಗ ಡ್ರೈವರ್‌ಗೆ ಥ್ಯಾಂಕ್ಸ್ ಹೇಳಿ. "ನಮ್ಮನ್ನ ನೋಡಿ ನಮ್ಮ ದೇಶಾನ ಅಳೀತಾರ," ಅನ್ನುವುದು ಅವನ ಮಾತು. ನಾನೂ ಎಷ್ಟೋ ಸಲ ತಲೆದೂಗಿದ್ದೇನೆ.

ಗುರುವಾರ ಮೂರು ಗಂಟೆಗೆ ಅವನು ಕಪ್ಪು ಕೋಟು ಹಾಕಿಕೊಂಡು, ಬಿಳಿ ಹೂವು ಹಿಡಿದು ಬಂದ. ನನ್ನ ಗಂಡ ಆಫೀಸಿನಲ್ಲಿದ್ದರು. ನಾನು, ಹನ್ನೆರಡು ವರ್ಷದ ಮಗಳು, ಅವನು, ಮೂವರೂ ಹೋದೆವು. ಹಜಾರದಲ್ಲಿ ಏಳೆಂಟು ಜನ ಕಾಫಿ ಕಪ್ ಹಿಡಿದು ಮೆಲ್ಲಗೆ ಮಾತಾಡುತ್ತಿದ್ದರು. ತಟ್ಟೆಯಲ್ಲಿ ತೆಳ್ಳಗೆ ಹೆಚ್ಚಿದ ಕೇಕು. ರಸ್ತೆ ಕಡೆಯ ಕೋಣೆಯಲ್ಲಿ, ಪರದೆ ಎಳೆದು, ಅಜ್ಜನನ್ನು ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಕೆಳಗಿದ್ದ ತಂಪಿನ ಯಂತ್ರ ಸಣ್ಣಗೆ ಗುಂಯ್ ಅನ್ನುತ್ತಿತ್ತು. ಅಜ್ಜ ತಮ್ಮ ಎಂದಿನ ನೀಲಿ ಸ್ವೆಟರಿನಲ್ಲೇ ಇದ್ದರು. ಮಗಳು ಅವರ ತೋಳನ್ನು ಒಂದು ಬೆರಳಿನಿಂದ ಮುಟ್ಟಿ, ಅಳುತ್ತಾ ಹೊರಗೆ ಹೋದಳು. ನಾನು ಅವಳ ಹಿಂದೆ ಹೋಗಿ, ಅಜ್ಜಿಯ ಪಕ್ಕ ಕೂರಿಸಿ ಮರಳಿ ಬಂದೆ.

ಅವನು ಪೆಟ್ಟಿಗೆಯ ಕಾಲ ಕಡೆ ತಲೆ ತಗ್ಗಿಸಿ ನಿಂತಿದ್ದ. ಪ್ರಾರ್ಥನೆ ಮಾಡುತ್ತಿದ್ದಾನೆ ಅಂದುಕೊಂಡೆ. ಹತ್ತಿರ ಹೋದಾಗ ಎದೆಯ ಹತ್ತಿರ ಹಿಡಿದಿದ್ದ ಫೋನು ಕಂಡಿತು. ಅದರ ಪರದೆಯ ಮೇಲೆ, ಕೋಣೆ ಅಳೆಯುವ ಆ್ಯಪ್ ಎಳೆದ, ಈ ಗೋಡೆಯಿಂದ ಆ ಗೋಡೆಗೆ ಒಂದು ಹಳದಿ ಗೆರೆ. ಅದು ಪೆಟ್ಟಿಗೆಯನ್ನು ದಾಟಿ, ಅಜ್ಜನ ಎದೆಯ ಮೇಲೆ ಮಡಿಚಿಟ್ಟಿದ್ದ ಕೈಗಳನ್ನು ದಾಟಿ ಹೋಗಿತ್ತು. ಮೇಲೆ ಅಂಕಿ: ನಾಲ್ಕು ಮೀಟರ್ ಹತ್ತು. ಅವನು ಬೆರಳಿನಿಂದ ಒತ್ತಿದ. ಟಿಕ್ ಅಂತು.

ಕೊಳೆತದ್ದನ್ನು ಅರಿಯದೆ ಬಾಯಿಗಿಟ್ಟ ಹಾಗಾಯಿತು. "ಏನ್ ಮಾಡಾಕತ್ತೀಯೋ?" ಅಂದೆ, ಪಿಸುದನಿಯಲ್ಲಿ.

"ಎರಡ ನಿಮಿಷ್ರೀ ವೈನಿ," ಅಂದ ಅವನು, ತಲೆ ಎತ್ತದೆ. ಸ್ವರದಲ್ಲಿ ಗಾಬರಿಯಿಲ್ಲ, ನಾಚಿಕೆಯೂ ಇಲ್ಲ.

ನಾನು ಅವನ ಕೈಯಿಂದ ಫೋನು ಕಸಿದುಕೊಳ್ಳಬೇಕಿತ್ತು. ಹೊರಗೆ ಕಳಿಸಬೇಕಿತ್ತು. ಏನೂ ಮಾಡಲಿಲ್ಲ. ಅಷ್ಟು ಜನರ ಮುಂದೆ ನಮ್ಮವನೊಬ್ಬನ ಜೊತೆ ಜಗಳ ಕಾಣಿಸಬಾರದು ಅಂತ ಹಜಾರಕ್ಕೆ ಬಂದು, ಕೊಟ್ಟ ಕಾಫಿ ಕುಡಿದೆ, ಕೇಕು ತಿಂದೆ. ಚೆನ್ನಾಗಿದೆ ಅಂತಲೂ ಹೇಳಿದೆ.

ಸ್ವಲ್ಪ ಹೊತ್ತಿಗೆ ನಮ್ಮ ತಲೆಯ ಮೇಲೆ ಹೆಜ್ಜೆಯ ಸದ್ದು. ಹಳೆಯ ಮರದ ಅಟ್ಟ, ಹಗುರವಾಗಿ ನಡೆದರೂ ಕೇಳುತ್ತದೆ. ಒಂದು ಬಾಗಿಲು ತೆರೆಯಿತು, ಮುಚ್ಚಿತು. ಇನ್ನೊಂದು ತೆರೆಯಿತು. ಬೀರುವಿನ ಬಾಗಿಲು ಜಾರಿದ ಹಾಗೆ ಕೇಳಿಸಿತು. ಮಾತಾಡುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಮೇಲೆ ನೋಡಿದರು. ಅಜ್ಜಿ ಎದ್ದು ಮೆಟ್ಟಿಲ ಬುಡದಲ್ಲಿ ನಿಂತರು. ಅವನು ಇಳಿದು ಬಂದ. ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಕಲಿತ ಡಚ್ಚಿನಲ್ಲಿ, ನಿಮ್ಮ ದುಃಖದಲ್ಲಿ ನಾವೂ ಇದ್ದೇವೆ ಅಂದ.

"ಟಾಯ್ಲೆಟ್ ಕೆಳಗಿದೆ," ಅಂದರು ಅಜ್ಜಿ.

ಅವನು ಕ್ಷಮೆ ಕೇಳಿದ. ನಾನು ಮುಂದೆ ಬಂದು, "ಹೌದು, ಅವನಿಗೆ ಗೊತ್ತಾಗಲಿಲ್ಲ," ಅಂದೆ. ಅಜ್ಜಿ ನನ್ನ ಮುಖವನ್ನೇ ನೋಡಿದರು.

ನಮ್ಮ ಮನೆಗೆ ಬಂದ ಮೇಲೆ ಅವನು ಸೋಫಾದ ಮೇಲೆ ಕೂತು ಫೋಟೋಗಳನ್ನು ಒಂದೊಂದಾಗಿ ತೋರಿಸಿದ. ಬಚ್ಚಲು, ಬೀರು, ಮಲಗುವ ಕೋಣೆ. ಹಾಸಿಗೆಯ ಒಂದು ಪಕ್ಕ ಇನ್ನೂ ಕೆದರಿಕೊಂಡೇ ಇತ್ತು.

"ಕಿಟಕಿ ಎಲ್ಲಾ ಹಳೇವು ಅದಾವ್ರಿ. ಆದ್ರ ಮ್ಯಾಲಿನ ರೂಮ್ ಭಾರಿ ಅದಾವು. ಏಜೆಂಟ್ ಕೈಗೆ ಹೋಗೂದ್ರಾಗ ನೀವು ಅಕೀಗೆ ಒಂದು ಮಾತು ಹಾಕ್ರಿ."

"ಹೆಣ ಇನ್ನೂ ಮನ್ಯಾಗ ಐತಿ," ಅಂದೆ.

"ಅದಕ್ಕ ಹೇಳಿದ್ನಿ. ನಂತರ ಎಲ್ಲಾರೂ ಬರ್ತಾರ."

ಆಗ ಮಗಳು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳು ಡಚ್ಚಿನಲ್ಲಿ ಅವನಿಗೆ, "ನೀವು ಅಸಹ್ಯ ಮನುಷ್ಯ," ಅಂದಳು. ಅವನು ನಕ್ಕ. "ಇಲ್ಲಿ ಹುಡುಗರಿಗೆ ದೊಡ್ಡವರ ಮುಂದ ಹೆಂಗ ಮಾತಾಡಬೇಕು ಅನ್ನೂದ ಕಲಿಸೂದಿಲ್ಲ ನೋಡ್ರಿ," ಅಂದ. ಇನ್ನೂ ನಾಚಿಕೆಯ ಮಾತೆಂದರೆ, ನಾನು ಮಗಳಿಗೆ ಸಾರಿ ಹೇಳು ಅಂದೆ. ಅವಳು ಹೇಳಲಿಲ್ಲ. ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು.

ಸಂಜೆ ಗಂಡನಿಗೆ ಎಲ್ಲ ಹೇಳಿದೆ. ಅವರು ಊಟ ಮಾಡುತ್ತಲೇ, "ಮಾಡಿದ್ದು ತಪ್ಪು ಖರೆ. ಆದ್ರ ಅವನ ಪರಿಸ್ಥಿತೀನೂ ನೋಡು," ಅಂದರು. ಪರಿಸ್ಥಿತಿ ಅನ್ನುವ ಮಾತು ಕೇಳಿದರೆ ನನಗೆ ಇವತ್ತಿಗೂ ವಾಕರಿಕೆ ಬರುತ್ತದೆ.

ಮಣ್ಣು ಮಾಡಿ ಎರಡು ವಾರ ಕಳೆದಿತ್ತು. ಒಂದು ಮಧ್ಯಾಹ್ನ ಅಜ್ಜಿ ಬಂದರು. ಈ ಸಲ ಕೂರಲು ಒಪ್ಪಲಿಲ್ಲ. ಕೈಯಲ್ಲೊಂದು ಪತ್ರ. ಒಳ್ಳೆಯ ಕಾಗದ, ಜೊತೆಗೆ ಅವನ ಕುಟುಂಬದ ಫೋಟೋ, ಎಲ್ಲರೂ ನಗುತ್ತಿದ್ದರು. ತಪ್ಪಿಲ್ಲದ ಡಚ್ಚಿನಲ್ಲಿ ಬರೆದಿತ್ತು: ನಿಮ್ಮ ಪತಿಯ ಅಂತಿಮ ದರ್ಶನಕ್ಕೆ ಬಂದಾಗ ನಿಮ್ಮ ಮನೆಯ ಬೆಚ್ಚನೆಯ ವಾತಾವರಣ ಮನಸ್ಸಿಗೆ ತಟ್ಟಿತು, ಮಾರುವ ಯೋಚನೆ ಬಂದರೆ ದಯವಿಟ್ಟು ಮೊದಲು ನಮ್ಮನ್ನು ನೆನೆಯಿರಿ.

"ಮೇಲೆ ಹೋಗಿದ್ದವನು ಇವನೇನಾ?"

"ಹೌದು."

"ಅವನಿಗೆ ಟಾಯ್ಲೆಟ್ ಬೇಕಿರಲಿಲ್ಲ."

"ಇಲ್ಲ," ಅಂದೆ. ಆಮೇಲೆ ನಿಲ್ಲಿಸಲು ಆಗಲಿಲ್ಲ. ಅವನಿಗೆ ಸುದ್ದಿ ಹೇಳಿದವಳು ನಾನೇ, ನೀವು ಒಬ್ಬರೇ ಇರುತ್ತೀರೋ ಇಲ್ಲವೋ ಅಂದವಳು ನಾನೇ, ಅಳೆಯುವುದನ್ನು ನೋಡಿಯೂ ಸುಮ್ಮನಿದ್ದೆ, ಅಂತ ಎಲ್ಲ ಹೇಳಿದೆ. ಯಾರ ದೇಹದ ಮೇಲೆ ಅಳೆದ ಅನ್ನುವುದೊಂದನ್ನು ಹೇಳಲಿಲ್ಲ. ಅದು ಅವರಿಗಾಗಿಯೋ ನನಗಾಗಿಯೋ, ಇನ್ನೂ ಗೊತ್ತಿಲ್ಲ.

ಅವರು ಪತ್ರವನ್ನು ಮಡಚಿದರು. "ಮನೆ ಯಾವಾಗ ಮಾರುತ್ತೀರಿ ಅಂತ ನನ್ನ ಅಕ್ಕನ ಮಗ ಸ್ಮಶಾನದಲ್ಲೇ ಕೇಳಿದ," ಅಂದರು. "ಅವನನ್ನೂ ಇನ್ನು ಮನೆಗೆ ಸೇರಿಸುವುದಿಲ್ಲ. ನೀನು ಸುಳ್ಳು ಹೇಳುತ್ತಿದ್ದೀಯ ಅಂತ ಆವತ್ತೇ ಗೊತ್ತಾಗಿತ್ತು. ನಿನ್ನ ಬಾಯಿಂದಲೇ ಕೇಳೋಣ ಅಂತ ಎರಡು ವಾರ ಕಾದೆ. ನೀನೇ ಬಂದು ಹೇಳುತ್ತೀಯ ಅಂದುಕೊಂಡಿದ್ದೆ." ಅವರು ಗದರಲಿಲ್ಲ. ಗದರಿದ್ದರೆ ಕ್ಷಮೆ ಕೇಳುವುದು ಸುಲಭವಾಗುತ್ತಿತ್ತು. "ಮಗಳನ್ನು ಕಳಿಸು. ಅವಳು ಯಾವಾಗ ಬೇಕಾದರೂ ಬರಬಹುದು," ಅಂತ ಹೇಳಿ ಹೋದರು.

ಆ ಸಂಜೆಯೇ ಅವನಿಗೆ ಫೋನು ಮಾಡಿದೆ. ಇನ್ನು ಮೇಲೆ ನಮ್ಮ ಮನೆಗೆ ಬರಬೇಡ ಅಂದೆ. ಅವನಿಗೆ ಅರ್ಥವೇ ಆಗಲಿಲ್ಲ. "ಒಂದು ಪತ್ರ ಬರದ್ರ ತಪ್ಪೇನ್ರೀ? ಬ್ಯಾಡಾದ್ರ ಹರದು ಒಗೀಬೇಕು," ಅಂದ. ಪೆಟ್ಟಿಗೆಯ ಮಾತೆತ್ತಿದೆ. "ನಾನೇನು ಮುಟ್ಟಿದ್ನೇನು ಅವರನ್ನ?" ಅಂತ ಕೇಳಿದ. ಎರಡು ಸಲ ಕೇಳಿದ. ನಾನು ಫೋನು ಇಟ್ಟೆ.

ದೀಪಾವಳಿ ಕಾರ್ಯಕ್ರಮಕ್ಕೆ ಗಂಡ ಒಬ್ಬರೇ ಹೋದರು. ಆ ವರ್ಷವೂ ಅವನು ಹೊಸಬರಿಗೆ ನಡತೆಯ ಪಾಠ ಮಾಡಿದನಂತೆ, ಬಹಳ ಚೆನ್ನಾಗಿತ್ತಂತೆ. ಹೊಸ ವರ್ಷದ ಹೊತ್ತಿಗೆ ಅವನಿಗೆ ಬೇರೆಲ್ಲೋ ಮನೆ ಸಿಕ್ಕಿತು, ಗೃಹಪ್ರವೇಶಕ್ಕೆ ಕರೆಯೂ ಬಂತು. ನಾನು ಹೋಗಲಿಲ್ಲ.

ಅಜ್ಜಿ ಮನೆ ಮಾರಿಲ್ಲ. ಮೇಲಿನ ಒಂದು ಕೋಣೆಯಲ್ಲಿ ಈಗ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾರಂತೆ, ಮಗಳು ಹೇಳಿದಳು. ಬುಧವಾರ ಶಾಲೆ ಬೇಗ ಬಿಡುವುದರಿಂದ ಅವಳು ಅಲ್ಲಿಗೆ ಹೋಗುತ್ತಾಳೆ. ನನ್ನನ್ನು ಕಂಡಾಗ ಅಜ್ಜಿ ಬೇಲಿಯಾಚೆಯಿಂದ ಹವೆಯ ಬಗ್ಗೆ ಎರಡು ಮಾತಾಡುತ್ತಾರೆ. ಅದರಲ್ಲಿ ಸಿಟ್ಟೂ ಇಲ್ಲ, ಸಲಿಗೆಯೂ ಇಲ್ಲ. ಮೊನ್ನೆ ಮಗಳನ್ನು ಕರೆಯಲು ಹೋದಾಗ ಬಾಗಿಲು ತೆರೆದವರು ಅಜ್ಜಿಯೇ. ಹಿಂದೆಲ್ಲ ಒಳಗೆ ಬಾ ಅನ್ನುತ್ತಿದ್ದರು. ಈಗ, "ಕಳಿಸುತ್ತೇನೆ," ಅಂದರು. ನಾನು ಹೊರಗಿನ ಮೆಟ್ಟಿಲ ಮೇಲೆ ನಿಂತು ಕಾದೆ.